ಆ್ಯಂಟಿಬಾಡಿ ರಿಪೋರ್ಟ್ ಬೇಡ, ಮಾತ್ರೆ ಚೀಟಿ ತನ್ನಿ

ಟಿವಿಯಲ್ಲಿ ಕೋವಿಡ್ ಸುದ್ದಿ ಮತ್ತೆ ತಲೆ ಎತ್ತಿತೆಂದರೆ ಸಾಕು, ಎರಡೇ ದಿನದಲ್ಲಿ ಕ್ಲಿನಿಕ್ಕಿನ ಮೇಜಿನ ಮೇಲೆ ಆ್ಯಂಟಿಬಾಡಿಯ, ಅಂದರೆ ಲಸಿಕೆಯೋ ಸೋಂಕೋ ಆದ ಮೇಲೆ ರಕ್ತದಲ್ಲಿ ಮೂಡುವ ಪ್ರತಿಕಾಯದ, ಲ್ಯಾಬ್ ರಿಪೋರ್ಟುಗಳು ಬಂದು ಬೀಳುತ್ತವೆ. 2023ರ ಡಿಸೆಂಬರ್‌ನಲ್ಲಿ ಕೇರಳದಲ್ಲಿ ಜೆಎನ್.1 ಎಂಬ ಹೊಸ ತಳಿ ಕಂಡಾಗಲೂ ಹಾಗೇ, 2025ರ ಮೇ-ಜೂನ್‌ನಲ್ಲಿ ಎಲ್‌ಎಫ್.7, ಎನ್‌ಬಿ.1.8.1 ಎಂಬ ಹೆಸರುಗಳು ಓಡಾಡಿದಾಗಲೂ ಹಾಗೇ. ಯಾವ ವೈದ್ಯರೂ ಬರೆದುಕೊಟ್ಟ ಪರೀಕ್ಷೆಯಲ್ಲ ಅದು. ಪ್ಯಾಕೇಜಿನಲ್ಲಿ ಸೇರಿಸಿದ್ದರು ಅಂತಲೋ, ಪಕ್ಕದ ಮನೆಯವರು ಮಾಡಿಸಿದರು ಅಂತಲೋ ತಾವೇ ಹೋಗಿ ರಕ್ತ ಕೊಟ್ಟು ಬಂದದ್ದು. "ಡಾಕ್ಟ್ರೇ, ಆ್ಯಂಟಿಬಾಡಿ ನೋಡಿಸ್ಕೊಂಡು ಬಂದಿದೀನಿ, ಎರಡು ಸಾವಿರದ ಮೇಲಿದೆ. ಬೂಸ್ಟರ್ ಬೇಡ ತಾನೇ?"

ಬೂಸ್ಟರ್ ಬೇಕೋ ಬೇಡವೋ ಎಂದು ಕೇಳುವುದು ಸರಿಯೇ. ಉತ್ತರ ಆ ಕಾಗದದಲ್ಲಿ ಮಾತ್ರ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲುತ್ತಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಂದೇ ಮನೆಯ ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಡೋಣ. ಯಜಮಾನರದು 2,140. ಅವರ ಹೆಂಡತಿಯದು 320. ಯಜಮಾನರು ಮಾಸ್ಕ್ ಬಿಸಾಕಿ ಮದುವೆ ಊಟಕ್ಕೆ ಹೊರಟಿದ್ದಾರೆ, ಆಯಮ್ಮನಿಗೆ ರಾತ್ರಿ ನಿದ್ದೆಯಿಲ್ಲ. ಈಗ ಸಂಖ್ಯೆಯ ಬಲಕ್ಕೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ. ಒಂದರಲ್ಲಿ ಎಯು/ಎಂಎಲ್ ಎಂದಿದೆ, ಇನ್ನೊಂದರಲ್ಲಿ ಬರೀ ಯು/ಎಂಎಲ್. ಮೊದಲನೆಯದು ಅಬಾಟ್ ಯಂತ್ರದ ಅಳತೆ, ಅಲ್ಲಿ 50 ಮುಟ್ಟಿದರೆ ಪಾಸಿಟಿವ್. ಎರಡನೆಯದು ರೋಶ್ ಯಂತ್ರದ್ದು, ಅಲ್ಲಿ 0.8 ಇದ್ದರೇ ಪಾಸಿಟಿವ್. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಬಿಎಯು ಎಂಬ ಒಂದೇ ಮಾನಕ್ಕೆ ತರಬೇಕಾದರೆ ಅಬಾಟ್ ಸಂಖ್ಯೆಯನ್ನು 0.142ರಿಂದ ಗುಣಿಸಬೇಕು, ರೋಶ್ ಸಂಖ್ಯೆಯನ್ನು 0.972ರಿಂದ ಭಾಗಿಸಬೇಕು. ಲೆಕ್ಕ ಹಾಕಿ ನೋಡಿ: ಯಜಮಾನರದು ಸುಮಾರು 304, ಅವರ ಹೆಂಡತಿಯದು ಸುಮಾರು 329. ಏಳು ಪಟ್ಟು ಕಡಿಮೆ ಎಂದು ಹೆದರಿದವರದೇ ಒಂದು ಕೈ ಮೇಲು! ಆ ವ್ಯತ್ಯಾಸಕ್ಕೂ ಅರ್ಥವಿಲ್ಲ, ಯಾಕೆಂದರೆ ಹೀಗೆ ಒಂದೇ ಮಾನಕ್ಕೆ ತಂದ ಮೇಲೂ ಎರಡು ಕಂಪನಿಗಳ ಕಿಟ್‌ಗಳು ಒಂದೇ ರಕ್ತಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಇನ್ನು ಕೆಲವು ಲ್ಯಾಬಿನವರು ಸ್ಯಾಂಪಲನ್ನು ತೆಳು ಮಾಡಿ ಮತ್ತೆ ಅಳೆಯುವ ಗೋಜಿಗೇ ಹೋಗದೆ '250ಕ್ಕಿಂತ ಹೆಚ್ಚು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಯಂತ್ರ ನೇರವಾಗಿ ಅಳೆಯುವುದು ಅಲ್ಲಿಯವರೆಗೆ ಮಾತ್ರ. ಅದನ್ನು ನೋಡಿ 'ನಂದು ಬರೀ 250' ಎಂದು ಕೊರಗುವವರೂ ಇದ್ದಾರೆ.

ಮತ್ತೊಂದು ಗೊಂದಲ ಯಾವ ಪ್ರತಿಕಾಯವನ್ನು ಅಳೆದರು ಎಂಬುದರದ್ದು. ಕೋವಿಶೀಲ್ಡ್ ದೇಹಕ್ಕೆ ತೋರಿಸುವುದು ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಭಾಗವನ್ನು ಮಾತ್ರ. ಕೋವ್ಯಾಕ್ಸಿನ್‌ನಲ್ಲಿರುವುದು ಇಡೀ ವೈರಸ್ಸು, ನಿಷ್ಕ್ರಿಯಗೊಳಿಸಿದ್ದು. ಲ್ಯಾಬಿನವರು ಸ್ಪೈಕ್ ಬದಲು ವೈರಸ್ಸಿನ ಒಳಗಿರುವ ನ್ಯೂಕ್ಲಿಯೋಕ್ಯಾಪ್ಸಿಡ್ ಎಂಬ ಭಾಗದ ಪ್ರತಿಕಾಯ ಅಳೆದರೆ, ಕೋವಿಶೀಲ್ಡ್ ಎಷ್ಟೇ ಡೋಸ್ ತೆಗೆದುಕೊಂಡಿದ್ದರೂ ಸೋಂಕು ತಗುಲದವರಿಗೆ ನೆಗೆಟಿವ್ ಬರುತ್ತದೆ. "ಲಸಿಕೆ ಕೆಲಸವೇ ಮಾಡಿಲ್ಲ" ಎಂಬ ಗಾಬರಿ ಶುರು. ಕೋವ್ಯಾಕ್ಸಿನ್ ತೆಗೆದುಕೊಂಡವರಿಗೆ ಅದೇ ಪರೀಕ್ಷೆ ಪಾಸಿಟಿವ್ ಬಂದರೆ "ನಂಗೆ ಯಾವಾಗ ಬಂದುಹೋಯ್ತು?" ಎಂಬ ಪ್ರಶ್ನೆ. ಕೂದಲು ಉದುರುತ್ತದೆಂದು ಬಯೋಟಿನ್ ನುಂಗುತ್ತಿದ್ದರೆ ಕೆಲವು ವಿಧಾನಗಳಲ್ಲಿ ಸಂಖ್ಯೆಯೇ ಏರುಪೇರಾದೀತು. ಅದನ್ನು ಕೌಂಟರಿನಲ್ಲಿ ಯಾರೂ ಕೇಳಿರುವುದಿಲ್ಲ.

ಸರಿ, ಸಂಖ್ಯೆ ನಿಖರವಾಗಿಯೇ ಇದೆ ಎಂದಿಟ್ಟುಕೊಳ್ಳೋಣ. ಆಗಲೂ ನಿರ್ಧಾರಕ್ಕೆ ಅದು ಬರುವುದಿಲ್ಲ. ಇಷ್ಟಿದ್ದರೆ ಸಾಕು, ಇದಕ್ಕಿಂತ ಕೆಳಗಿಳಿದರೆ ಲಸಿಕೆ ಹಾಕಿ ಎನ್ನುವ ಒಪ್ಪಿತ ಗಡಿ ಕೋವಿಡ್‌ಗೆ ಇಲ್ಲ. ಹೆಪಟೈಟಿಸ್ ಬಿ ಲಸಿಕೆಗೆ ಅಂಥ ಗಡಿ ಇದೆ, 10 ಎಂಐಯು/ಎಂಎಲ್, ಅದಕ್ಕೇ ಆಸ್ಪತ್ರೆ ಸಿಬ್ಬಂದಿಗೆ ಆ ಪರೀಕ್ಷೆ ಮಾಡಿಸುತ್ತೇವೆ. ಲಸಿಕೆಯಿಂದ ಬಂದ ರಕ್ಷಣೆ ತಿಳಿಯಲು ಕೋವಿಡ್ ಆ್ಯಂಟಿಬಾಡಿ ಪರೀಕ್ಷೆ ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2021ರ ಮೇ ತಿಂಗಳಲ್ಲೇ ಹೇಳಿತ್ತು.

ಕಾರಣ ಕಷ್ಟದ್ದೇನಲ್ಲ. ರಕ್ತದಲ್ಲಿ ತಿರುಗುವ ಐಜಿಜಿ ಎಂಬ ಬಗೆಯ ಪ್ರತಿಕಾಯ ಸುಮಾರು ಮೂರು ವಾರಕ್ಕೆ ಅರ್ಧ ಸವೆಯುತ್ತದೆ. ಲಸಿಕೆಯಾದ ಹೊಸದರಲ್ಲಿ ಏರಿದ ಮಟ್ಟ ತಿಂಗಳುಗಳಲ್ಲಿ ಇಳಿಯಲೇಬೇಕು. ಹಿಂದೆ ಬಂದ ಎಲ್ಲ ಸೋಂಕಿನ ಪ್ರತಿಕಾಯವೂ ಹಾಗೇ ಉಳಿದಿದ್ದರೆ ರಕ್ತ ಗಂಜಿಯಂತಾಗುತ್ತಿತ್ತು. ಉಳಿಯುವುದು ನೆನಪಿನ ಬಿ ಕೋಶಗಳು ಮತ್ತು ಟಿ ಕೋಶಗಳು, ದುಗ್ಧಗ್ರಂಥಿ ಮತ್ತು ಅಸ್ಥಿಮಜ್ಜೆಗಳಲ್ಲಿ. ಲ್ಯಾಬಿನ ಸಾಮಾನ್ಯ ಪರೀಕ್ಷೆ ಇವನ್ನು ಮುಟ್ಟುವುದೇ ಇಲ್ಲ. ವೈರಸ್ ಮತ್ತೆ ಒಳಗೆ ಬಂದಾಗ ಈ ಕೋಶಗಳು ಎಚ್ಚೆತ್ತು ಹೊಸ ಪ್ರತಿಕಾಯ ತಯಾರಿಸಲು ನಾಲ್ಕೈದು ದಿನ ಬೇಕು. ಓಮಿಕ್ರಾನ್ ಕುಲದ ವೈರಸ್ಸು ಮೂರು ದಿನಕ್ಕೇ ಗಂಟಲು ಕೆರೆಸುತ್ತದೆ. ಹಾಗಾಗಿ ನೆಗಡಿ ಜ್ವರ ಬಂದೇ ಬರುತ್ತದೆ. ಆದರೆ ಶ್ವಾಸಕೋಶಕ್ಕೆ ಇಳಿದು ಆಮ್ಲಜನಕ ಕಡಿಮೆಯಾಗಲು ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಒಳಗಿನ ಪಡೆ ಬಂದಿರುತ್ತದೆ. ಮೂರು ಡೋಸ್ ತೆಗೆದುಕೊಂಡವರಿಗೂ ಕೋವಿಡ್ ಬರುವುದು, ಬಂದರೂ ಹೆಚ್ಚಿನವರು ಐಸಿಯು ಕಾಣದಿರುವುದು ಇದೇ ಕಾರಣಕ್ಕೆ. ಆ್ಯಂಟಿಬಾಡಿ ಸಂಖ್ಯೆ ನೋಡಿ ರಕ್ಷಣೆ ಅಳೆಯುವುದೆಂದರೆ ಸಂಪಿನಲ್ಲಿ ಎಷ್ಟು ನೀರಿದೆ ಎಂದು ಇಣುಕಿ ಬೋರ್‌ವೆಲ್ಲಿನ ಇಳುವರಿ ಹೇಳಿದಂತೆ.

ಹೇಗೂ ಬಹುತೇಕ ಎಲ್ಲರಿಗೂ ಪಾಸಿಟಿವ್ ಬರುವ ಪರೀಕ್ಷೆ ಇದು. ಐಸಿಎಂಆರ್‌ನ ನಾಲ್ಕನೇ ಸೀರೋ ಸಮೀಕ್ಷೆಯಲ್ಲಿ, 2021ರ ಜೂನ್-ಜುಲೈ ಹೊತ್ತಿಗೇ, ದೇಶದಲ್ಲಿ ಶೇ 67.6 ಜನರಲ್ಲಿ ಪ್ರತಿಕಾಯ ಕಂಡಿತ್ತು. ಓಮಿಕ್ರಾನ್ ಆಗಿನ್ನೂ ಬಂದಿರಲಿಲ್ಲ.

ಒಂದು ವಿನಾಯಿತಿ ಇದೆ, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೋಲೇಟ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಅಂಥದೇ ರಿಟುಕ್ಸಿಮ್ಯಾಬ್ ಎಂಬ ಔಷಧ ಹಾಕಿಸಿಕೊಂಡವರು, ಕೆಲವು ರಕ್ತ ಕ್ಯಾನ್ಸರ್ ಇರುವವರಲ್ಲಿ ಲಸಿಕೆಯ ನಂತರವೂ ಸ್ಪೈಕ್ ಪ್ರತಿಕಾಯ ಸೊನ್ನೆಯೇ ಆಗಿದ್ದರೆ, ಲಸಿಕೆ ನಾಟಿಲ್ಲ ಎಂಬುದಕ್ಕೆ ಅದು ನಮಗೆ ಒಂದು ಸುಳಿವು. ಆ ಪರೀಕ್ಷೆಯನ್ನು ಅವರ ತಜ್ಞರು ಕೇಳುತ್ತಾರೆ, ಅರ್ಥವನ್ನೂ ಅವರೇ ಹೇಳುತ್ತಾರೆ. ಶುಗರ್ ಮಾತ್ರೆ ನುಂಗುವ ಸಾಮಾನ್ಯ ಮನುಷ್ಯರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಹಾಗಾದರೆ ಏನು ನೋಡಿ ನಿರ್ಧರಿಸುವುದು? ವಯಸ್ಸು, ಕಾಯಿಲೆ, ಈಗ ನುಂಗುತ್ತಿರುವ ಮಾತ್ರೆ, ಎರಡು ತಾರೀಕು: ಕೊನೆಯ ಡೋಸಿನದು, ಕೊನೆಯ ಸೋಂಕಿನದು. ಡೋಸಿನ ತಾರೀಕು ಕೋವಿನ್ ಪ್ರಮಾಣಪತ್ರದಲ್ಲಿದೆ. ಮೊಬೈಲ್ ನಂಬರ್ ಹಾಕಿದರೆ ಒಟಿಪಿ ಬರುತ್ತದೆ, ಆದರೆ 2021ರಲ್ಲಿ ಕೊಟ್ಟಿದ್ದ ನಂಬರೇ ಬೇಕು. ಮಗನದೋ ಅಳಿಯನದೋ ನಂಬರ್ ಕೊಟ್ಟು ಮರೆತಿರುವವರು ಬಹಳ. "ಮೂರೂ ಆಗಿದೆ ಡಾಕ್ಟ್ರೇ" ಎಂದು ಗಟ್ಟಿಯಾಗಿ ಹೇಳುವವರ ಪ್ರಮಾಣಪತ್ರ ತೆಗೆದರೆ ಎಷ್ಟೋ ಸಲ ಎರಡೇ ಇರುತ್ತದೆ. ನಮ್ಮಲ್ಲಿ ಮುನ್ನೆಚ್ಚರಿಕೆ ಡೋಸ್ ಎಂಬ ಹೆಸರಿನಲ್ಲಿ ಮೂರನೆಯದು ಶುರುವಾದದ್ದು 2022ರ ಜನವರಿ 10ಕ್ಕೆ, ಆರೋಗ್ಯ ಸಿಬ್ಬಂದಿ, ಮುಂಚೂಣಿ ಕಾರ್ಯಕರ್ತರು ಮತ್ತು ಕಾಯಿಲೆಯಿರುವ 60 ದಾಟಿದವರಿಗೆ. 18 ದಾಟಿದ ಎಲ್ಲರಿಗೂ ಎಂದದ್ದು ಏಪ್ರಿಲ್ 10ಕ್ಕೆ, ಖಾಸಗಿಯಲ್ಲಿ, ದುಡ್ಡು ಕೊಟ್ಟು. ಜುಲೈ 15ರಿಂದ 75 ದಿನ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಯಿತು. ಅಷ್ಟರಲ್ಲಿ ಜನಕ್ಕೆ ಕೋವಿಡ್ ಸಾಕಾಗಿತ್ತು, ಬಹುಪಾಲು ಜನ ಹೋಗಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಚ್‌ನಲ್ಲಿ ಕೊಟ್ಟ ವಿಂಗಡಣೆ ನನಗೆ ಈಗಲೂ ಸಮಂಜಸ ಎನಿಸುತ್ತದೆ. ವಯಸ್ಸಾದವರು, ಗಂಭೀರ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ಗರ್ಭಿಣಿಯರು, ನೇರವಾಗಿ ರೋಗಿಗಳನ್ನು ನೋಡುವ ಸಿಬ್ಬಂದಿ: ಇವರಿಗೆ ಕೊನೆಯ ಡೋಸಿನ 6 ಅಥವಾ 12 ತಿಂಗಳ ನಂತರ ಇನ್ನೊಂದು. ಆರೋಗ್ಯವಾಗಿರುವ, ಇನ್ನೂ ವಯಸ್ಸಾಗದವರಿಗೆ ಮೊದಲ ಬೂಸ್ಟರ್ ಆಗಿದ್ದರೆ ಮತ್ತೆ ಮತ್ತೆ ಕೊಡುವ ಸಲಹೆ ಇಲ್ಲ. ಬ್ರಿಟನ್ನಿನವರು ಇನ್ನೂ ಬಿಗಿ ಮಾಡಿದ್ದಾರೆ. 2025ರ ಶರತ್ಕಾಲದಲ್ಲಿ ಅಲ್ಲಿ ಉಚಿತ ಲಸಿಕೆ 75 ದಾಟಿದವರಿಗೆ, ವೃದ್ಧಾಶ್ರಮದಲ್ಲಿರುವ ಹಿರಿಯರಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ.

ಆದ್ದರಿಂದ 38 ವರ್ಷದ, ದಿನಾ ವಾಕಿಂಗ್ ಹೋಗುವ, ಮೂರು ಡೋಸ್ ಆಗಿ ಒಂದೆರಡು ಸಲ ಜ್ವರವೂ ಬಂದುಹೋದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಬೇಡ. ನೆಮ್ಮದಿಯಾಗಿ ಮನೆಗೆ ಹೋಗಲಿ. 78 ವರ್ಷದ, ಹಾರ್ಟ್ ಫೇಲ್ಯೂರ್ ಇರುವ, 2022ರ ನಂತರ ಏನೂ ತೆಗೆದುಕೊಳ್ಳದ ಅಜ್ಜಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 20 ಮಿ.ಗ್ರಾಂ ಅಥವಾ ಹೆಚ್ಚನ್ನು ಎರಡು ವಾರಕ್ಕಿಂತ ಜಾಸ್ತಿ ನುಂಗುತ್ತಿರುವವರಿಗೆ ಖಂಡಿತ ಮಾತಾಡೋಣ. ಕಷ್ಟದ ನಿರ್ಧಾರ ನಡುವಿನವರದು: 62 ವರ್ಷ, ಶುಗರ್ ಹತೋಟಿಯಲ್ಲಿದೆ, ಕಳೆದ ವರ್ಷ ಕೋವಿಡ್ ಬಂದಿತ್ತು. ಇಂಥವರಿಗೆ ಹಾಕಿಸಿದರೂ ತಪ್ಪಿಲ್ಲ, ಬಿಟ್ಟರೂ ದೊಡ್ಡ ನಷ್ಟವಿಲ್ಲ ಎಂದೇ ಹೇಳಬೇಕಾಗುತ್ತದೆ, ಆ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಯಾರೇ ಆಗಲಿ, ಕೋವಿಡ್ ಬಂದು ಮೂರು ತಿಂಗಳಾಗಿಲ್ಲವಾದರೆ ಕಾಯುವುದು ವಾಸಿ.

ಮಾತ್ರೆ ಚೀಟಿ ತನ್ನಿ ಎಂದದ್ದು ಸಮಯ ನೋಡುವುದಕ್ಕೆ. ರಿಟುಕ್ಸಿಮ್ಯಾಬ್ ಆದ ಕೂಡಲೇ ಹಾಕಿದ ಲಸಿಕೆ ಬಹುಮಟ್ಟಿಗೆ ವ್ಯರ್ಥ, ಪ್ರತಿಕಾಯ ಮಾಡುವ ಬಿ ಕೋಶಗಳನ್ನೇ ಆ ಔಷಧ ತೆಗೆದುಹಾಕಿರುತ್ತದೆ. ಸಾಧ್ಯವಾದರೆ ಮುಂದಿನ ಡೋಸಿಗೆ ಎರಡರಿಂದ ನಾಲ್ಕು ವಾರ ಮೊದಲು ಲಸಿಕೆ ಬೀಳುವಂತೆ ಹೊಂದಿಸುತ್ತೇವೆ. ಮೆಥೊಟ್ರೆಕ್ಸೇಟನ್ನು ಲಸಿಕೆಯ ನಂತರ ಒಂದೆರಡು ವಾರ ನಿಲ್ಲಿಸುವ ಪದ್ಧತಿಯೂ ಇದೆ, ಕೀಲುಬೇನೆ ಕೆರಳುವುದಿಲ್ಲವಾದರೆ. ಇದನ್ನು ನಿಮ್ಮ ಕೀಲುರೋಗ ತಜ್ಞರು, ಅಂದರೆ ರುಮಟಾಲಜಿಸ್ಟ್, ಹೇಳಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ಗಳನ್ನಂತೂ ಸೂಜಿಗೆ ಹೆದರಿ ನೀವೇ ನಿಲ್ಲಿಸಬೇಡಿ! ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಮಾಡಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ, ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ನೋಡಬೇಕಾದೀತು. 23 ಗೇಜ್ ಅಥವಾ ಅದಕ್ಕಿಂತ ಸಣ್ಣ ಸೂಜಿ, ಆಮೇಲೆ ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿದರೆ ಮುಗಿಯಿತು.

ಆ್ಯಂಟಿಬಾಡಿ ಪರೀಕ್ಷೆಗೆ ಒಬ್ಬ ತಮ್ಮನಿದ್ದಾನೆ, ರಕ್ತ ಹೆಪ್ಪುಗಟ್ಟಿದ ಸುಳಿವು ಹುಡುಕುವ ಡಿ-ಡೈಮರ್. 2024ರ ಏಪ್ರಿಲ್ ಕೊನೆಯಲ್ಲಿ ಕೋವಿಶೀಲ್ಡ್ ಸೂತ್ರದ ಮೂಲ ಕಂಪನಿ ಅಸ್ಟ್ರಾಜೆನೆಕಾ, ತನ್ನ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಸುದ್ದಿಯಾದಾಗ, 2021ರಲ್ಲಿ ಕೋವಿಶೀಲ್ಡ್ ತೆಗೆದುಕೊಂಡವರು ರಕ್ತ ಹೆಪ್ಪುಗಟ್ಟಿದೆಯೇ ನೋಡಿ ಎಂದು ಸಾಲುಗಟ್ಟಿದರು. ಹೆಪ್ಪುಗಟ್ಟುವುದರ ಜೊತೆಗೆ ಪ್ಲೇಟ್ಲೆಟ್ ಇಳಿಯುವ, ಟಿಟಿಎಸ್ ಎಂಬ ಆ ಅಪರೂಪದ ತೊಂದರೆ ಕಾಣಿಸಿಕೊಳ್ಳುವುದು ಲಸಿಕೆಯಾದ ಮೊದಲ ಕೆಲವು ವಾರಗಳಲ್ಲಿ, ಹೆಚ್ಚಾಗಿ ಮೊದಲ ಡೋಸಿನ ನಂತರ. ಮೂರು ವರ್ಷದ ಮೇಲೆ ಡಿ-ಡೈಮರ್ ಏರಿದ್ದರೆ ವಯಸ್ಸು, ಸೋಂಕು, ಶಸ್ತ್ರಚಿಕಿತ್ಸೆ, ಹೀಗೆ ಹತ್ತು ಕಾರಣ ಹುಡುಕಬೇಕು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳಾದಾಗ ಜಯದೇವ ಆಸ್ಪತ್ರೆಯ ಮುಂದೆ ನಿಂತ ಜನರನ್ನು ನೆನಪಿಸಿಕೊಳ್ಳಿ. ಐಸಿಎಂಆರ್ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, 18ರಿಂದ 45 ವಯಸ್ಸಿನವರ ಹಠಾತ್ ಸಾವಿಗೂ ಲಸಿಕೆಗೂ ನಂಟು ಸಿಗಲಿಲ್ಲ. ಅಪಾಯ ಹೆಚ್ಚಿಸಿದವು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ 48 ಗಂಟೆ ಮೊದಲು ವಿಪರೀತ ಕುಡಿದದ್ದು, ವಿಪರೀತ ದೈಹಿಕ ಶ್ರಮ. ಈ ಪಟ್ಟಿಯಲ್ಲಿ ಕುಡಿತ ಇರುವುದನ್ನು ಹೇಳಿದರೆ ಮಾತ್ರ ಎದುರಿಗೆ ಕೂತವರು ಗೋಡೆಯ ಕ್ಯಾಲೆಂಡರ್ ನೋಡತೊಡಗುತ್ತಾರೆ.

ಹಾಕಿಸಬೇಕು ಎಂದು ತೀರ್ಮಾನವಾದ ಮೇಲೆ ಸಿಗುವುದೇ ಕಷ್ಟ, ಇದನ್ನು ಒಪ್ಪಿಕೊಳ್ಳಬೇಕು. ಕೋವಿಶೀಲ್ಡ್, ಕೋವ್ಯಾಕ್ಸಿನ್, ಕೋರ್ಬೆವ್ಯಾಕ್ಸ್, ಮೂಗಿಗೆ ಹಾಕುವ ಇನ್‌ಕೋವ್ಯಾಕ್, ಎಲ್ಲವೂ ಮೊದಲಿನ ವೈರಸ್ಸನ್ನೇ ನೋಡಿ ಮಾಡಿದವು. ಓಮಿಕ್ರಾನ್‌ಗೆಂದು 2023ರ ಜೂನ್‌ನಲ್ಲಿ ಬಂದದ್ದು ಪುಣೆಯ ಜೆನ್ನೋವಾದವರ ಜೆಮ್‌ಕೋವ್ಯಾಕ್-ಓಎಂ. ಎಲ್ಲಾದರೂ ಹಳೆಯದು ಮಾತ್ರ ಸಿಕ್ಕರೆ, ತೀರಾ ಅಪಾಯದ ಗುಂಪಿನವರಿಗೆ ಅದೂ ಆದೀತು, ಉಳಿದವರು ಅದಕ್ಕಾಗಿ ಊರೂರು ಅಲೆಯಬೇಕಿಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳು ಹೊರಟಿರುವ ಅಪ್ಪ-ಅಮ್ಮಂದಿರಿಗೆ ಅಲ್ಲಿ ಹೊಸ ತಳಿಯ ಲಸಿಕೆ ಸಿಗುತ್ತದೆ, ಇಲ್ಲಿ ಯಾವುದೇ ತೆಗೆದುಕೊಂಡಿದ್ದರೂ ಅಡ್ಡಿಯಿಲ್ಲ. ಆದರೆ ಪ್ರವಾಸಿಗಳ ವಿಮೆ ಸಾಮಾನ್ಯವಾಗಿ ಲಸಿಕೆಯ ಖರ್ಚು ಕೊಡುವುದಿಲ್ಲ, ಕೈಯಿಂದ ಕೊಟ್ಟರೆ 150 ಡಾಲರ್ ದಾಟುತ್ತದೆ. ವೀಸಾಕ್ಕೆ ಬೂಸ್ಟರ್ ಬೇಕೇ ಎಂದು ಈಗಲೂ ಕೇಳುತ್ತಾರೆ. ವಿಮಾನದಲ್ಲಿ ಬರುವವರಿಗೆ ಇದ್ದ ಕೋವಿಡ್ ಲಸಿಕೆಯ ಕಡ್ಡಾಯವನ್ನು ಅಮೆರಿಕ 2023ರ ಮೇ 12ಕ್ಕೇ ತೆಗೆದುಹಾಕಿದೆ.

ಇಲ್ಲಿಯೇ ಹಾಕಿಸುವವರು ಆಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಿ: ಯಾವ ಲಸಿಕೆ ಇದೆ, ಎಕ್ಸ್‌ಪೈರಿ ಯಾವಾಗ, ವಯಲ್ (ಲಸಿಕೆಯ ಸೀಸೆ) ಯಾವತ್ತು ತೆರೆಯುತ್ತೀರಿ. ಹತ್ತು ಡೋಸಿನ ವಯಲ್ ಒಮ್ಮೆ ತೆರೆದರೆ ಸಾಮಾನ್ಯವಾಗಿ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ಎಸೆಯಬೇಕು. ಅದಕ್ಕೇ 'ಹತ್ತು ಜನ ಸೇರಲಿ, ಕರೀತೀವಿ' ಎನ್ನುತ್ತಾರೆ, ಅವರ ಮೇಲೆ ರೇಗಬೇಡಿ. ಹಿಂದಿನ ಡೋಸಿಗೆ ಮೈಯೆಲ್ಲ ದದ್ದು, ಉಸಿರುಕಟ್ಟುವಿಕೆ ಆಗಿತ್ತೆಂದರೆ ಅದನ್ನು ಮೊದಲೇ ಹೇಳಿ, ಆಗ ಅದೇ ಲಸಿಕೆ ಮತ್ತೆ ಕೊಡುವುದಿಲ್ಲ. ಹೋಗುವಾಗ ತೋಳು ಸುಲಭವಾಗಿ ಮಡಚುವ ಅಂಗಿ ಹಾಕಿಕೊಂಡು ಹೋಗಿ, ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಅದೇ ಫೋನಿನಲ್ಲಿ ಈ ವರ್ಷದ ಫ್ಲೂ ಲಸಿಕೆ ಬಂದಿದೆಯೇ ಎಂದೂ ಕೇಳಿಬಿಡಿ. 65 ದಾಟಿದವರು ಆ್ಯಂಟಿಬಾಡಿಗೆ ಕೊಟ್ಟ ದುಡ್ಡನ್ನು ಅದಕ್ಕೆ ಕೊಟ್ಟಿದ್ದರೆ ಆಗಿಹೋಗುತ್ತಿತ್ತು.