ವಾರಕ್ಕೊಂದೇ ಮಾತ್ರೆ ಸಾಕಾ?

ಪ್ರಶ್ನೆ: ಖಿನ್ನತೆಗೆ ಒಂದು ವರ್ಷದಿಂದ ದಿನಾ ಫ್ಲುಯೊಕ್ಸೆಟಿನ್ 20 ಮಿಲಿಗ್ರಾಂ ತಗೊಳ್ಳುತ್ತಿದ್ದೇನೆ. ಈಗ ಆರಾಮಾಗಿದ್ದೇನೆ. ವಾರಕ್ಕೊಮ್ಮೆ ನುಂಗುವ ಮಾತ್ರೆಯೂ ಇದೆಯಂತೆ. ಅದಕ್ಕೆ ಬದಲಾಯಿಸಬಹುದಾ?

ಉತ್ತರ: ಇದೆ. ಅದೇ ಔಷಧಿ, 90 ಮಿಲಿಗ್ರಾಂನ ಕ್ಯಾಪ್ಸೂಲ್. ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಕಾಯಿಲೆ ಜೋರಾಗಿರುವಾಗ ಶುರು ಮಾಡಲು ಅಲ್ಲ, ನಿಮ್ಮ ಹಾಗೆ ದಿನದ ಮಾತ್ರೆಯಿಂದ ಚೇತರಿಸಿಕೊಂಡವರಿಗೆ.

ವಾರಕ್ಕೊಂದು ಸಾಲುವುದು ಹೇಗೆ? ಫ್ಲುಯೊಕ್ಸೆಟಿನ್ ಮೈಯಿಂದ ತುಂಬಾ ನಿಧಾನವಾಗಿ ಹೊರಗೆ ಹೋಗುತ್ತದೆ. ದಿನಾ ತಗೊಳ್ಳುವವರಲ್ಲಿ ಅದು ಅರ್ಧಕ್ಕಿಳಿಯಲು 4ರಿಂದ 6 ದಿನ ಬೇಕು. ಅದರಿಂದ ಮೈಯಲ್ಲೇ ಹುಟ್ಟುವ ಇನ್ನೊಂದು ಪದಾರ್ಥವೂ ಕೆಲಸ ಮಾಡುತ್ತದೆ, ಅದು ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಖಿನ್ನತೆಗೇ ಕೊಡುವ ಇನ್ನೊಂದು ಔಷಧಿ ಸರ್ಟ್ರಾಲಿನ್ ಸುಮಾರು ಒಂದು ದಿನದಲ್ಲೇ ಅರ್ಧವಾಗುತ್ತದೆ. ಹಾಗಾಗಿ ಬೇರೆ ಮಾತ್ರೆಗಳನ್ನು ಒಟ್ಟುಗೂಡಿಸಿ ಭಾನುವಾರ ನುಂಗಿದರೆ ಆಯ್ತು ಅಂತ ಯಾರೂ ಅಂದುಕೊಳ್ಳಬೇಡಿ. ಅದು ಅಪಾಯ.

ಒಳ್ಳೆಯದೇನು ಅಂದರೆ, ದಿನಾ ನೆನಪಿಡುವ ಕಾಟ ತಪ್ಪುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಮಾತ್ರೆಯ ಪಟ್ಟಿ ಕಣ್ಣಿಗೆ ಬಿದ್ದು, ‘ನಾನಿನ್ನೂ ರೋಗಿ’ ಅನ್ನಿಸುವುದೂ ಕಡಿಮೆಯಾಗುತ್ತದೆ. ಇದು ಸಣ್ಣ ವಿಷಯ ಅಲ್ಲ.

ಆದರೆ ಲೆಕ್ಕ ನೋಡಿ. ದಿನಕ್ಕೆ 20 ಅಂದರೆ ವಾರಕ್ಕೆ 140, ಇಲ್ಲಿರುವುದು 90. ರಕ್ತದಲ್ಲಿ ಔಷಧಿಯ ಸರಾಸರಿ ಮಟ್ಟ ದಿನದ ಮಾತ್ರೆಗಿಂತ ಸುಮಾರು ಅರ್ಧದಷ್ಟು ಕಡಿಮೆ. ಮಾತ್ರೆ ನುಂಗಿದ ಮೇಲೆ ಮಟ್ಟ ಏರುತ್ತದೆ, ವಾರದ ಕೊನೆಗೆ ಇಳಿಯುತ್ತದೆ. ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಇದು ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಮೇಲು ಅಂತ ಪರೀಕ್ಷೆಯಲ್ಲಿ ಕಂಡಿದೆ. ದಿನದ ಮಾತ್ರೆಗೆ ಸಮ ಅನ್ನುವುದು ಮಾತ್ರ ಸಾಬೀತಾಗಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ಇದೇ. ನೀವು ಮಾತ್ರೆ ಮರೆಯುವವರಲ್ಲ, ದಿನದ ಮಾತ್ರೆಯಿಂದ ಕಿರಿಕಿರಿಯೂ ಇಲ್ಲ ಅಂದರೆ ಸುಮ್ನೆ ಬದಲಾಯಿಸುವುದು ಬೇಡ.

ಇನ್ನೊಂದು. ಏನಾದರೂ ಅಡ್ಡಪರಿಣಾಮ ಆದರೆ ಔಷಧಿ ಬೇಗ ಬಿಟ್ಟು ಹೋಗುವುದಿಲ್ಲ. ದಿನದ ಮಾತ್ರೆಯದೂ ಇದೇ ಕಥೆ. ಫ್ಲುಯೊಕ್ಸೆಟಿನ್ ನಿಲ್ಲಿಸಿ ಎಂಎಒಐ ಗುಂಪಿನ (ಖಿನ್ನತೆಗೆ ಕೊಡುವ ಇನ್ನೊಂದು ಬಗೆಯ) ಔಷಧಿ ಶುರು ಮಾಡಲು ಕನಿಷ್ಠ 5 ವಾರ ಕಾಯಬೇಕು.

ವಾರದ ಮಾತ್ರೆ ಮರೆಯುವುದೂ ಸುಲಭ. ಸೋಮವಾರ ಸಂಜೆ ‘ನಿನ್ನೆ ತಗೊಂಡೆನಾ?’ ಅಂತ ಗೊಂದಲವಾಗುತ್ತದೆ. ಕ್ಯಾಪ್ಸೂಲ್ ಕೈಗೆ ತೆಗೆದುಕೊಂಡಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೆನಪಿಲ್ಲ ಅಂತ ಇನ್ನೊಂದು ನುಂಗಬೇಡಿ, ವೈದ್ಯರಿಗೆ ಫೋನ್ ಮಾಡಿ. ಕ್ಯಾಪ್ಸೂಲನ್ನು ಬಿಚ್ಚಬೇಡಿ, ಅಗಿಯಬೇಡಿ. ಒಳಗಿನ ಕಾಳುಗಳಿಗೆ ಹೊಟ್ಟೆಯ ಆಮ್ಲ ತಡೆಯುವ ಲೇಪನ ಇರುತ್ತದೆ.

ವೈದ್ಯರು ಒಪ್ಪಿದರೆ, ಕೊನೆಯ 20 ಮಿಲಿಗ್ರಾಂ ತಗೊಂಡು 7 ದಿನ ಆದ ಮೇಲೆ ಮೊದಲ ಕ್ಯಾಪ್ಸೂಲ್. ಆಮೇಲೆ ನಿದ್ದೆ ಕೆಟ್ಟರೆ, ಅಳು ಬಂದರೆ, ಯಾವುದೂ ಬೇಡ ಅನ್ನಿಸಿದರೆ ಮುಂದಿನ ವಾರದ ತನಕ ಕಾಯದೆ ವೈದ್ಯರಿಗೆ ಹೇಳಿ. ಸಾಯುವ ಯೋಚನೆ ಬಂದರೆ ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ. ದಿನದ ಮಾತ್ರೆಗೆ ವಾಪಸ್ ಹೋಗುವ ದಾರಿ ಇದ್ದೇ ಇದೆ.