ನಡೆದಿರತಕ್ಕಂಥ ಅಪಘಾತ, ಹೇಳುವಂತಹ ಕೆಲಸ

ಪ್ರಶ್ನೆ: ಟಿವಿ ನ್ಯೂಸ್‌ನಲ್ಲಿ "ಮುಖ್ಯಮಂತ್ರಿ ಹೇಳಿದರು" ಅಂತ ನೇರವಾಗಿ ಹೇಳುವವರೇ ಕಮ್ಮಿ. "ಮುಖ್ಯಮಂತ್ರಿಗಳು ಏನಿದ್ದಾರೆ, ಅವರು ಹೇಳುವಂತಹ ಕೆಲಸವನ್ನು ಮಾಡಿರತಕ್ಕಂಥದ್ದು" ಅನ್ನುತ್ತಾರೆ. ನಮ್ಮ ಮಾವನವರು ದಿನಾ ರಾತ್ರಿ ಇದನ್ನು ಕೇಳಿ ಟಿವಿಗೇ ಬೈಯುತ್ತಾರೆ. ಇದು ತಪ್ಪು ಕನ್ನಡವೇ? ಯಾಕೆ ಹೀಗೆ ಮಾತಾಡುತ್ತಾರೆ?

ಉತ್ತರ: ನಿಮ್ಮ ಮಾವನವರ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿ. ಬೈಯುವುದಕ್ಕೆ ಮೊದಲು ಆ ಪದಗಳನ್ನು ಸ್ವಲ್ಪ ಬಿಡಿಸಿ ನೋಡೋಣ.

"ನಿನ್ನೆ ನಡೆದ ಅಪಘಾತ" ಅಂದರೆ ಮಾತು ಮುಗಿಯಿತು. ಯಾವ ಅಪಘಾತ ಅಂತ "ನಡೆದ" ಅನ್ನುವ ಒಂದು ಪದವೇ ತೋರಿಸಿಬಿಡುತ್ತದೆ. ಇದಕ್ಕೆ "ಅಂಥ" ಸೇರಿಸಿ "ನಡೆದಂಥ" ಅಂದರೆ ಏನಾಯಿತು? ಅಂಥ ಅಂದರೆ ಆ ಬಗೆಯ. "ನಿನ್ನಂಥ ಮಗ", "ಬೇಸಿಗೆಯಲ್ಲೂ ಬತ್ತದಂಥ ಬಾವಿ" ಅನ್ನುವಾಗ ಅದಕ್ಕೆ ಕೆಲಸ ಇದೆ. ನಿನ್ನೆ ತುಮಕೂರು ರಸ್ತೆಯಲ್ಲಿ ಆದ ಒಂದು ಅಪಘಾತದ ಸುದ್ದಿಯಲ್ಲಿ ಅದಕ್ಕೇನು ಕೆಲಸ? ಸುಮ್ನೆ ಬಂದು ಕೂತಿದೆ.

"ತಕ್ಕ" ಇನ್ನೂ ಮಜಾ. ತಕ್ಕ ಅಂದರೆ ಹೊಂದುವ, ಯೋಗ್ಯವಾದ. ತಕ್ಕ ಶಾಸ್ತಿ, ಕೆಲಸಕ್ಕೆ ತಕ್ಕ ಕೂಲಿ. ಕಾಯ್ದೆಯಲ್ಲಿ "ಅರ್ಜಿ ಸಲ್ಲಿಸತಕ್ಕದ್ದು" ಅಂತಿದ್ದರೆ ಸಲ್ಲಿಸಲೇಬೇಕು ಅಂತ ಅರ್ಥ. ಆ ಲೆಕ್ಕದಲ್ಲಿ "ನಡೆದಿರತಕ್ಕಂಥ ಅಪಘಾತ" ಅಂದರೆ ನಡೆದಿರಲೇಬೇಕಾಗಿದ್ದ ಅಪಘಾತ! ಪಾಪ, ವರದಿಗಾರರ ಮನಸ್ಸಿನಲ್ಲಿ ಅದಿಲ್ಲ. ಇದನ್ನು ಟಿವಿಯವರೇ ಹುಟ್ಟುಹಾಕಿದ್ದೂ ಅಲ್ಲ. "ವೇದಿಕೆಯ ಮೇಲೆ ಆಸೀನರಾಗಿರತಕ್ಕಂಥ ಗಣ್ಯರೇ" ಅನ್ನುವ ಭಾಷಣ ಕೇಳದೆ ನಮ್ಮಲ್ಲಿ ಯಾರು ಶಾಲೆ ಮುಗಿಸಿದ್ದಾರೆ ಹೇಳಿ. ಮೈಕ್ ಹಿಡಿದಾಗ ಭಾಷೆಗೂ ಪಂಚೆ ಶಲ್ಯ ತೊಡಿಸಬೇಕು ಅನ್ನುವ ಹಳೇ ಅಭ್ಯಾಸ ಅದು.

ಹಾಗಾದರೆ ಇದು ನ್ಯೂಸ್‌ನಲ್ಲೇ ಇಷ್ಟು ಜಾಸ್ತಿ ಯಾಕೆ? ಒಂದು ಕಾರಣ ಎಲ್ಲರಿಗೂ ಹೊಳೆಯುತ್ತದೆ: ಹೊತ್ತು ತುಂಬಿಸಬೇಕು. ಹೊಸ ಸುದ್ದಿ ಒಂದು ಸಾಲು, ಮಾತಾಡಬೇಕಾದ್ದು ಅರ್ಧ ಗಂಟೆ. ಇನ್ನೊಂದು ಕಾರಣ ಕನ್ನಡದ ಒಳಗೇ ಇದೆ ಅಂತ ನನ್ನ ಅಂದಾಜು. ನಮ್ಮಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಅದರ ಬಾಲದಲ್ಲಿ ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ಮರ್ಯಾದೆ ಕೊಡಬೇಕೋ ಬೇಡವೋ, ಎಲ್ಲ ತೀರ್ಮಾನ ಆಗಬೇಕು. ಕಳ್ಳ ಬಂದ, ಮಂತ್ರಿ ಬಂದರು. ಸರಿ, ನಿನ್ನೆವರೆಗೆ ಮಂತ್ರಿಯಾಗಿದ್ದವರು ಇವತ್ತು ಆರೋಪಿ. "ಕೋರ್ಟಿಗೆ ಬಂದ" ಅನ್ನಬೇಕಾ, "ಬಂದರು" ಅನ್ನಬೇಕಾ? ನೇರ ಪ್ರಸಾರದಲ್ಲಿ ಯೋಚಿಸಲು ಪುರುಸೊತ್ತಿಲ್ಲ. "ಬಂದಿರುವಂಥದ್ದು" ಅಂದುಬಿಟ್ಟರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಮರ್ಯಾದೆಯ ಗೊಡವೆಯೂ ಇಲ್ಲ. ಬಂದವರನ್ನೇ ಒಂದು ವಸ್ತು ಮಾಡಿ ದಾಟಿಕೊಂಡ ಹಾಗಾಯಿತು. "ಏನಿದ್ದಾರೆ" ಕೂಡ ಹೀಗೇ. ಹೆಸರು ಹೇಳಿ ಆಯಿತು, ಮುಂದಿನ ಮಾತು ಇನ್ನೂ ಹೊಳೆದಿಲ್ಲ, ನಡುವೆ ಒಂದು ಉಸಿರು ಬೇಕು. ಬೆಂಗಳೂರಿನ "ಅದು ಬಂದ್ಬಿಟ್ಟು", ಹಿಂದಿಯವರ "ಜೋ ಹೈ", ತಮಿಳಿನ "ವಂದು" ಎಲ್ಲವೂ ಇದೇ ಉಸಿರಿನ ಜಾತಿ. ಆದ್ದರಿಂದ ವ್ಯಾಕರಣದ ತಪ್ಪಿಗಿಂತ ಇದು ಉಬ್ಬಸ ಅನ್ನಬಹುದು. ಕಿರಿಕಿರಿ ಅಂತೂ ಹೌದು.

ನನಗೆ ನಿಜವಾಗಿ ಸಿಟ್ಟು ಬರಿಸುವುದು ಬೇರೆ ಜಾತಿಯ ಮಾತು. ನಮ್ಮ ಬೀದಿ ದೀಪ ಕೆಟ್ಟಿತ್ತು. ದೂರು ಕೊಟ್ಟೆ. "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಮೆಸೇಜ್ ಬಂತು. ಹದಿನೈದು ದಿನ ಕಾದು ಮತ್ತೆ ಕೇಳಿದೆ. "ಕ್ರಮ ಕೈಗೊಳ್ಳಲಾಗಿದೆ" ಅಂತ ಬಂತು. ದೀಪ ಮಾತ್ರ ಹಾಗೇ ಇತ್ತು. ಆ ಎರಡು ವಾಕ್ಯಗಳಲ್ಲಿ ಯಾರು, ಯಾವಾಗ, ಏನು ಅನ್ನುವ ಮೂರಕ್ಕೂ ಉತ್ತರ ಇಲ್ಲ. ಮನೆಯಲ್ಲಿ "ಪಾತ್ರೆ ತೊಳೆಯಲಾಗುವುದು" ಅಂತ ಹೇಳಿ ನೋಡಿ, ಗೊತ್ತಾಗುತ್ತದೆ.

ಸರ್ಕಾರಕ್ಕೆ ಬೇರೆ ಥರ ಮಾತಾಡಲು ಬರುವುದಿಲ್ಲ ಅಂತೇನಿಲ್ಲ. 2011ರ ಸಕಾಲ ಕಾಯ್ದೆ ನೋಡಿ, 2012ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ಬಂತು. ಅದರ ಪಟ್ಟಿಯಲ್ಲಿರುವ ಸೇವೆ ಎಷ್ಟು ದಿನದಲ್ಲಿ ಆಗಬೇಕು, ಯಾವ ಅಧಿಕಾರಿ ಮಾಡಬೇಕು, ಆಗದಿದ್ದರೆ ಯಾರ ಹತ್ತಿರ ಮೇಲ್ಮನವಿ ಹೋಗಬೇಕು ಅಂತ ಬರೆದಿದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತಲೂ ಇದೆ. ಮೊತ್ತ ಸಣ್ಣದು, ನಿಜ. ಆದರೆ "ಶೀಘ್ರದಲ್ಲೇ" ಅನ್ನುವ ಕಡೆ ದಿನಗಳ ಲೆಕ್ಕ ಬಂದು ಕೂತಿತಲ್ಲ.

ಆಫೀಸಿನ ಇಂಗ್ಲಿಷ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವೂ ಕೇಳಿಲ್ಲ. ಸರಳ ಇಂಗ್ಲಿಷ್ ಬಳಸಿ ಅಂತ ಒತ್ತಾಯಿಸುವ ಬ್ರಿಟನ್ನಿನ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಸಂಸ್ಥೆಯವರು 2004ರಲ್ಲಿ ಅತಿ ಕಿರಿಕಿರಿಯ ಮಾತು ಯಾವುದು ಅಂತ ಕೇಳಿದಾಗ "ಅಟ್ ದ ಎಂಡ್ ಆಫ್ ದ ಡೇ" ಗೆದ್ದಿತ್ತು. ಈಗ ಅದು "ದಿನದ ಕೊನೆಯಲ್ಲಿ" ಅಂತ ವೇಷ ಹಾಕಿಕೊಂಡು ಕನ್ನಡಕ್ಕೂ ಬಂದಿದೆ. "ಏನೇ ಅಂದರೂ" ಅನ್ನುವ ನಮ್ಮ ಮಾತು ಇದ್ದೇ ಇತ್ತು, ಅಲ್ವಾ?

ಒಂದು ವಿನಾಯಿತಿ ಕೇಳುತ್ತೇನೆ. ಅರ್ಥವಿಲ್ಲದ ಮಾತೆಲ್ಲ ಬೇಡದ ಮಾತಲ್ಲ. ಸಂಜೆ ನಾಲ್ಕಕ್ಕೆ ಸಿಕ್ಕವರೂ "ಊಟ ಆಯ್ತಾ?" ಅನ್ನುತ್ತಾರೆ. ಅವರಿಗೆ ನಿಮ್ಮ ಊಟದ ಲೆಕ್ಕ ಬೇಕಿಲ್ಲ. ಸಾವಿನ ಮನೆಯ "ತುಂಬಲಾರದ ನಷ್ಟ" ಸವೆದ ಮಾತು, ಆದರೆ ಅಲ್ಲಿ ಹೊಸ ಮಾತು ಹುಡುಕುತ್ತಾ ನಿಲ್ಲುವವರು ಯಾರು? ಇನ್ನು ಹೊರಡುವಾಗ "ಹೋಗ್ತೀನಿ" ಅಂದರೆ ನಮ್ಮಜ್ಜಿ ಬಿಡುತ್ತಲೇ ಇರಲಿಲ್ಲ. "ಬರ್ತೀನಿ ಅನ್ನು" ಅನ್ನುತ್ತಿದ್ದಳು. ಹೋಗುವವರು ಬರ್ತೀನಿ ಅನ್ನುವುದು ನೋಡಿದರೆ ಸುಳ್ಳೇ. ನಿಮ್ಮ ಮಾವನವರೂ ಟಿವಿ ಆರಿಸಿ ಮಲಗುವ ಮುಂಚೆ ಯಾರಿಗೋ ಫೋನಿನಲ್ಲಿ ಅದನ್ನೇ ಹೇಳುತ್ತಿರುತ್ತಾರೆ, ಕಿವಿಗೊಟ್ಟು ನೋಡಿ.