ಗೊಗ್ಗರು ದನಿಗೋಸ್ಕರ ಗಂಟಲು ಹರ್ಕೋಬೇಡ್ರಪ್ಪಾ

ಕಾಲೇಜ್ ಫೆಸ್ಟ್‌ಗಳು ಮುಗೀತಾ ಬಂದ ಹಾಗೆ ನನ್ನ ವಾಯ್ಸ್ ಥೆರಪಿ ಕ್ಲಿನಿಕ್‌ಗೆ ಬ್ಯಾಂಡ್ ಹುಡುಗರು ಬರೋಕೆ ಶುರು, ದನಿ ಪೂರ್ತಿ ಬಿದ್ದು ಹೋಗಿರತ್ತೆ, ಏನಪ್ಪಾ ಮಾಡ್ಕೊಂಡೆ ಅಂದ್ರೆ "ಮೇಡಮ್, ರಾಕ್ ಅಂದ್ಮೇಲೆ ಗಂಟಲು ಹರಿಯೋ ಹಾಗೆ ಹಾಡ್ಬೇಕಲ್ವಾ?" ಅಲ್ಲ ಕಣೋ ಮಾರಾಯ!

ಕ್ವೀನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡ್‌ನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅಂದ್ರೆ ನಂಗೆ ಪ್ರಾಣ. ಜಾಂಜಿಬಾರ್‌ನಲ್ಲಿ ಹುಟ್ಟಿ ಮಹಾರಾಷ್ಟ್ರದ ಪಂಚಗನಿಯಲ್ಲಿ ಓದಿದವನು. ಅವನ ದನಿ ಮೇಲೆ 2016ರಲ್ಲಿ ಒಂದು ಸಂಶೋಧನಾ ಪೇಪರ್ ಬಂತು. ಮಾತಾಡೋವಾಗಿನ ಸ್ವರ ಸುಮಾರು 117 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅಂದ್ರೆ ಬಹುಶಃ ಬ್ಯಾರಿಟೋನ್, ಗಂಡಸರ ಮಧ್ಯಮ ದನಿ, ಆದ್ರೆ ಹಾಡಿದ್ದು ಬಹುಪಾಲು ಟೆನರ್ ಅನ್ನೋ ಗಂಡಸರ ಎತ್ತರದ ದನಿಯಲ್ಲಿ. ಸ್ವರ ಹಿಡಿದಾಗ ಬರೋ ಅಲುಗಾಟ, ವೈಬ್ರಾಟೋ, ಸೆಕೆಂಡಿಗೆ 7 ಸಲದ ಹತ್ರ, ಮಾಮೂಲಿಗಿಂತ ಚುರುಕು. ಆದ್ರೆ ದನಿಯಲ್ಲಿನ ಆ ಒರಟು ಗುರುಗುರು ಎಲ್ಲಿಂದ? ಅವನಂತೂ ಈಗ ಬದುಕಿಲ್ಲ, ಹಾಗಾಗಿ ಅವನ ಥರಾನೇ ಹಾಡಬಲ್ಲ ಇನ್ನೊಬ್ಬ ರಾಕ್ ಗಾಯಕನ ಗಂಟಲೊಳಗೆ ಹೈಸ್ಪೀಡ್ ಕ್ಯಾಮೆರಾ ಇಳಿಸಿ ನೋಡಿದ್ರು. ದನಿ ಹುಟ್ಟಿಸೋ ಸ್ವರತಂತುಗಳ ಮೇಲ್ಗಡೆ ಎರಡು ದಪ್ಪ ಮಡಿಕೆ ಇರ್ತಾವಲ್ಲ, ಫಾಲ್ಸ್ ಕಾರ್ಡ್ ಅಂತೀವಿ, ಅವೂ ಜೊತೆಗೆ ನಡುಗ್ತಿದ್ವು.

ಇದನ್ನೇ ನಾನು ದಿನಾ ಬಡ್ಕೊಳ್ಳೋದು. ಒರಟುತನ ಬರೋದು ಬಹಳಷ್ಟು ಸಲ ಮೇಲಿನ ಮಡಿಕೆಯಿಂದ. ಕೆಳಗಿನ ನಿಜವಾದ ತಂತು ಮಾತ್ರ ಒತ್ತಡ ಇಲ್ಲದೆ, ನೀಟಾಗಿ, ಅದರ ಪಾಡಿಗೆ ಅದು ಕೆಲಸ ಮಾಡ್ತಿರ್ಬೇಕು. ನೀವು ಮಾಡೋದೇ ಉಲ್ಟಾ. ಕೆಳಗಿನ ತಂತೂನೇ ಹಿಸುಕಿ ಕಿರುಚ್ತೀರಿ. 440 ಹರ್ಟ್ಸ್ ಸ್ವರ ಹಿಡಿದ್ರೆ ಆ ತಂತುಗಳು ಸೆಕೆಂಡಿಗೆ 440 ಸಲ ಒಂದಕ್ಕೊಂದು ಬಡೀತಾವೆ, ಹೊಸ ಚಪ್ಪಲಿ ಉಜ್ಜಿ ಕಾಲಲ್ಲಿ ಆಣಿ ಆಗೋ ಹಾಗೆ ಅಲ್ಲೂ ಗಂಟು ಕಟ್ಟತ್ತೆ. ಇಷ್ಟೆಲ್ಲಾ ಇದ್ದ ಫ್ರೆಡ್ಡಿಗೇ ಗಂಟು ಆಗಿ 1975ರಲ್ಲಿ ಶೋ ಕ್ಯಾನ್ಸಲ್ ಮಾಡ್ಬೇಕಾಯ್ತು ಅನ್ನೋದು ನೆನಪಿರ್ಲಿ. ಮೆಟಾಲಿಕಾ ಅನ್ನೋ ಮೆಟಲ್ ಬ್ಯಾಂಡ್‌ನ ಗಾಯಕ ಹೆಟ್‌ಫೀಲ್ಡ್ ದನಿ ಕೆಡಿಸ್ಕೊಂಡು, ಟೀಚರ್ ಹತ್ರ ಹೋಗಿ ವಾರ್ಮಪ್ ಕಲಿತ, 2011ರಲ್ಲಿ ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಹಾಡೋವಾಗ ಅವನಿಗೆ 48 ವರ್ಷ.

"ಸಿಗರೇಟ್ ಸೇದಿದ್ರೆ ಜಾನಿಸ್ ಜಾಪ್ಲಿನ್ ದನಿ ಬರತ್ತಂತೆ" ಅಂತ, ಒರಟು ದನಿಯ ಆ ಅಮೆರಿಕನ್ ರಾಕ್ ಗಾಯಕಿಯ ಹೆಸರು ಹೇಳಿ, ಒಬ್ಳು ಹುಡುಗಿ ಕೇಳಿದ್ಲು, ಜೊತೆಗೆ ಬಂದಿದ್ದ ಅವಳಮ್ಮ ನನ್ನ ಮುಖ ನೋಡಿದ್ರು. ಜಾಪ್ಲಿನ್ 27ಕ್ಕೇ ಹೋದ್ಲು ಕಣಮ್ಮಾ, ಐವತ್ತಕ್ಕೆ ಆ ದನಿ ಏನಾಗ್ತಿತ್ತು ಅಂತ ನೋಡ್ದವರಿಲ್ಲ. ಪಾಪ ಅವಳಮ್ಮ ಬ್ಯಾಗಿಂದ ಜೇಷ್ಠಮಧು ಪೊಟ್ಟಣ ತೆಗೆದ್ರು. ತಗೊಳ್ಳಿ, ಗಂಟಲಿಗೆ ಹಿತ ಅನ್ಸತ್ತೆ, ಆದ್ರೆ ನುಂಗಿದ್ದು ಅನ್ನನಾಳಕ್ಕೆ ಹೋಗೋದು, ಸ್ವರತಂತು ಇರೋದು ಶ್ವಾಸನಾಳದ ಬಾಯಲ್ಲಿ.

ಎಲ್ಲರ ಗಂಟಲೂ ಒಂದೇ ಥರ ಇರಲ್ಲ, ಇದನ್ನ ಓದ್ಕೊಂಡು ನೀವೇ ಫಾಲ್ಸ್ ಕಾರ್ಡ್ ಪ್ರಾಕ್ಟೀಸ್ ಶುರು ಮಾಡ್ಬೇಡಿ, ಕಲಿಸೋರ ಹತ್ರಾನೇ ಕಲೀರಿ. ದನಿ ಒಡೆದು ಮೂರು ವಾರ ಆದ್ರೂ ಸರಿಹೋಗ್ಲಿಲ್ಲ ಅಂದ್ರೆ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ದಯವಿಟ್ಟು ಶೋ ನಾಳೆ ಇಟ್ಕೊಂಡು ಇವತ್ತು ಸಂಜೆ ಐದೂವರೆಗೆ ಫೋನ್ ಮಾಡಿ "ಮೇಡಮ್, ಏನಾದ್ರೂ ಮಾಡಿ" ಅನ್ಬೇಡಿ.